ಸೇವೆಯೂ ಸಂಭಾವನೆಯೂ
(ಮಹೋತ್ಸವದ ಶರಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನಮ್ಮ ಮಠದ ಪ್ರಸಾದನಿಲಯದ ಲೆಕ್ಕವನ್ನು ನಾನು ಬರೆಯುತ್ತಿರುವುದು ತಮಗೆ ವೇದ್ಯವಾಗಿದೆ. ಸೇವೆಯೆಂದೇ ಕೈಕೊಂಡ ಕೆಲಸವಿದು. ಕಳೆದ ವರ್ಷ ಆಡಳಿತ ಮಂಡಲಿಯವರು ತಿಂಗಳಿಗಿಷ್ಟೆಂದು ಸಂಭಾವನೆಯನ್ನು ಗೊತ್ತುಮಾಡಿದರು, ನಾನು ಸ್ವೀಕರಿಸಿದೆನು. ಆದರೆ ಊರಿನಲ್ಲಿ ಯಾರಾದರೂ "ತಮ್ಮದು ನಿಷ್ಕಾಮ ಸೇವೆ" ಎಂದು ಹೊಗಳಿದಾಗ ಸುಮ್ಮನಿದ್ದುಬಿಟ್ಟೆನು. ಹಣ ಪಡೆದುದಕ್ಕಿಂತ ಈ ಮೌನವೇ ನನ್ನನ್ನು ಹೆಚ್ಚು ಬಾಧಿಸಿತು. ಆ ಕಾರಣದಿಂದಲೇ ಇಂದು ಈ ವಿಷಯವನ್ನು ಆರಿಸಿಕೊಂಡಿರುವೆನು.

ಸೇವೆ ಮಾಡುವವನು ಪ್ರತಿಫಲವನ್ನು ಮುಟ್ಟಲೇಬಾರದೆಂದು ಕೆಲವರು ವಾದಿಸುವರು. ಶರಣರ ಕಾಯಕವು ಹಾಗೆ ಹೇಳುವುದಿಲ್ಲ. ನುಲಿಯ ಚಂದಯ್ಯನವರು ಹುಲ್ಲು ಹೊಸೆದು ಹಗ್ಗ ಮಾರಿ, ಬಂದ ಹಣದಿಂದಲೇ ಜಂಗಮದಾಸೋಹವನ್ನು ನಡೆಸಿದರು. ಹಗ್ಗದ ಬೆಲೆಯನ್ನು ಪಡೆದರು. ಆ ಬೆಲೆಗೆ ಮೀರಿ ಬಂದ ಹೊನ್ನನ್ನು ಒಲ್ಲೆನೆಂದರು. 12ನೆಯ ಶತಮಾನದ ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದರು. ಕದ್ದುದಲ್ಲ, ಬೇಡಿದುದಲ್ಲ, ನೆಲದ ಮೇಲೆ ಬಿದ್ದುದು. ಆದರೂ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದರು. ಅಕ್ಕಿಯನ್ನು ಅಳೆದವರು ಲಕ್ಕಮ್ಮನವರೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಮನೆಯ ಅಗತ್ಯವು ಒಲೆಯ ಮುಂದಿರುವವರಿಗೆ ತಿಳಿದಷ್ಟು ಅಂಗಳದಲ್ಲಿ ನಿಂತವರಿಗೆ ತಿಳಿಯದು.

ಇದೇ ಪ್ರಶ್ನೆಯು ನಮ್ಮ ಕಾಲಕ್ಕೆ ಸಮೀಪದಲ್ಲಿ ಮಹಾತ್ಮಾ ಗಾಂಧಿಯವರಿಗೂ ಎದುರಾಯಿತು. 1894ರಲ್ಲಿ ನೆಟಾಲಿನ ಭಾರತೀಯರು ಅವರನ್ನು ಅಲ್ಲಿಯೇ ನಿಲ್ಲಿಸಿಕೊಳ್ಳಬಯಸಿದಾಗ, ಸಾರ್ವಜನಿಕ ಕಾರ್ಯಕ್ಕೆ ವೇತನವನ್ನು ಒಲ್ಲೆನೆಂದರು. ಸುಮಾರು 20 ಮಂದಿ ವರ್ತಕರು ತಮ್ಮ ವಕೀಲಿ ಕೆಲಸವನ್ನು ಅವರಿಗೆ ಒಪ್ಪಿಸಿ, ಒಂದು ವರ್ಷದ ಶುಲ್ಕವನ್ನು ಗೊತ್ತುಮಾಡಿದರು. ಸಂಸಾರವು ಅದರಿಂದ ನಡೆಯಿತು. 1901ರಲ್ಲಿ ಸ್ವದೇಶಕ್ಕೆ ಹೊರಟಾಗ ಬಂದ ಚಿನ್ನ ವಜ್ರಗಳ ಕಾಣಿಕೆಗಳನ್ನು ಸಮಾಜದ ನಿಧಿಗೆ ಬಿಟ್ಟುಕೊಟ್ಟರು. ಅವುಗಳಲ್ಲಿ ಕಸ್ತೂರಬಾರವರಿಗೆಂದು ಕೊಟ್ಟ 50 ಗಿನಿ ಬೆಲೆಯ ಹಾರವೂ ಇದ್ದಿತು. ಪತಿಯ ಸೇವೆಯಲ್ಲಿ ತನ್ನ ದುಡಿಮೆಯೂ ಸೇರಿಲ್ಲವೇ ಎಂದು ಆ ತಾಯಿ ಕೇಳಿದರು. ಅವರ ಕೆಲವು ಮಾತುಗಳು ತಮಗೆ ನಾಟಿದುವೆಂದು ಗಾಂಧಿಯವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿರುವರು. ಹಾರವು ನಿಧಿಗೇ ಹೋಯಿತು. ತೀರ್ಮಾನವು ಸರಿಯೆಂದೇ ನನ್ನ ಎಣಿಕೆ. ಆದರೂ ಆ ಪ್ರಶ್ನೆಗೆ ಉತ್ತರ ದೊರೆಯಿತೆಂದು ನಾನು ಹೇಳಲಾರೆನು.

ಪುಕ್ಕಟೆಯ ಸೇವೆಯು ಉಳ್ಳವರಿಗೆ ಸುಲಭ. ದಿನವೆಲ್ಲ ಅಡುಗೆಮನೆಯಲ್ಲಿ ಬೇಯುವ ಬಡವನಿಗೆ ವೇತನವನ್ನು ತಪ್ಪಿಸಿ, ಅದಕ್ಕೆ ಭಕ್ತಿಯೆಂದು ಹೆಸರಿಡುವುದು ದಾಸೋಹದ ಮನೆಗೆ ಒಪ್ಪುವುದಿಲ್ಲ. ಪಡೆಯಬೇಕಾದವನು ಪಡೆಯಲಿ; ಎಷ್ಟೆಂಬುದು ಮೊದಲೇ ಗೊತ್ತಾಗಿರಲಿ, ಎಲ್ಲರ ಕಣ್ಣಿಗೂ ಬೀಳಲಿ. ತನಗೆ ಸಲ್ಲುವ ಹಣವನ್ನು ನಿಶ್ಚಯಿಸುವ ಸಭೆಯಲ್ಲಿ ತಾನೇ ಕೂಡದಿರಲಿ. ಜಾತ್ರೆಯ ದಿನ ಭಕ್ತರು ಅವನ ಕೈಯಲ್ಲಿಟ್ಟು ಹೋಗುವ ಕಾಣಿಕೆಯು ಮಠದ್ದೇ ಸರಿ.

ನನ್ನ ಮನೆಯಾಕೆಯೊಡನೆ ಕುಳಿತು ಲೆಕ್ಕಹಾಕಿದೆನು. ಅಳತೆಯನ್ನು ಆಕೆಗೇ ಬಿಟ್ಟೆನು. ನಿವೃತ್ತಿವೇತನದಿಂದ ಊಟ, ಬಟ್ಟೆ, ಔಷಧಗಳು ಸಾಗುವುವು. ಪ್ರಸಾದನಿಲಯಕ್ಕೆ ಹೋಗಿಬರುವ ಬಸ್ಸಿನ ಖರ್ಚು ಮಾತ್ರ ಹೆಚ್ಚಿನದೆಂದಳು. ಅಷ್ಟನ್ನು ಇಟ್ಟುಕೊಂಡು, ಉಳಿದುದನ್ನು ಮುಂದಿನ ತಿಂಗಳಿನಿಂದ ಅಡುಗೆಯವರ ವೇತನಕ್ಕೆ ಸೇರಿಸಬೇಕೆಂದು ಮಂಡಲಿಗೆ ಬರೆದುಕೊಟ್ಟಿರುವೆನು. ಈವರೆಗೆ ನಾನು ಪಡೆದುದರ ವಿವರವು ಪುಸ್ತಕದಲ್ಲಿದೆ. ನೋಡಬಯಸುವವರು ದಯಮಾಡಿ ಬಂದು ನೋಡಬಹುದು.