ಬೇಲಿಯ ಓತಿಕ್ಯಾತ

ಓತಿಕ್ಯಾತನಿಗೆ ಬೇಲಿಯೇ ಸಾಕ್ಷಿಯೆಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಆ ಬಡಪ್ರಾಣಿಯ ಪರವಾಗಿ ನಾನೂ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

1802ರಲ್ಲಿ ಫ್ರಾನ್ಸಿನ ದೋದಾಂ ಎಂಬ ವಿಜ್ಞಾನಿ ಇದಕ್ಕೆ ‘ಬಣ್ಣ ಬದಲಿಸುವಂಥದು’ ಎಂಬರ್ಥದ ಲ್ಯಾಟಿನ್ ಹೆಸರಿಟ್ಟನು. ಮಳೆಗಾಲದ ಸುಮಾರಿಗೆ ಗಂಡಿನ ಕೊರಳು ಕೆಂಪೇರುತ್ತದೆ. ದೂರದಿಂದಲೇ ನಮ್ಮ ನೆತ್ತರು ಹೀರುತ್ತದೆಂದು ಹುಡುಗರು ಕಲ್ಲೆಸೆಯುತ್ತಾರೆ. ಆದರೆ ಆ ಕೆಂಪು ನೆತ್ತರಲ್ಲ. ಹೆಣ್ಣಿಗೆ ಕರೆ, ಎದುರಾಳಿಗೆ ಎಚ್ಚರಿಕೆ. ತಲೆಯಾಡಿಸುವುದೂ ಅಣಕವಲ್ಲ, ಅದರ ಮಾತೇ ಅದು.

ಇದಕ್ಕೆ ವಿಷವಿಲ್ಲ. ಹಲ್ಲಿಯಂತೆ ಬಾಲ ಕಳಚಿ ಪಾರಾಗುವ ಉಪಾಯವೂ ಇಲ್ಲ. ಹೆಣ್ಣು ಮೆದುಮಣ್ಣು ಕೆದರಿ, ಸಾಮಾನ್ಯವಾಗಿ 10ರಿಂದ 20 ಮೊಟ್ಟೆಯಿಟ್ಟು, ಮುಚ್ಚಿ ಹೊರಟುಬಿಡುತ್ತದೆ. ಮರಿಗಳಿಗೆ ತಾಯ ಆರೈಕೆಯಿಲ್ಲ.

ಮಿಡತೆ, ಇರುವೆ, ಜೀರುಂಡೆಗಳೇ ಇದರ ಆಹಾರ. ಕೂಲಿ ಕೇಳದೆ ನಿಮ್ಮ ತೋಟ ಕಾಯುವ ಈ ಜೀವದತ್ತ ಎತ್ತಿದ ಕಲ್ಲನ್ನು ಕೆಳಗಿಡುವಂತೆ ಮಕ್ಕಳಿಗೆ ಹೇಳಿರಿ.