ಸೋಲು ಕಲಿಸಿದ ಆಟ

ರಾಷ್ಟ್ರವೊಂದರ ಫುಟ್‌ಬಾಲ್ ತಂಡದ ಚರಿತ್ರೆಯನ್ನು ಗೆದ್ದ ಪದಕಗಳ ಎಣಿಕೆಯಿಂದ ಹೇಳುವುದು ವಾಡಿಕೆ. ಭಾರತ ತಂಡದ ಚರಿತ್ರೆಯನ್ನಾದರೋ ಅದು ಸೋತ ಪಂದ್ಯಗಳಿಂದ ಓದಬೇಕೆಂದು ನನ್ನ ಭಾವನೆ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನ ಆಟಗಾರರು. ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದುವು. ಪಂದ್ಯ 2-1ರಲ್ಲಿ ಕೈತಪ್ಪಿತು. ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ, ಮೇವಾಲಾಲರು ಹೊಡೆದ ಗೋಲಿನಿಂದ ಇರಾನನ್ನು ಮಣಿಸಿ ನಾವು ಚಿನ್ನ ಪಡೆದೆವು. ಆ ಹಿಗ್ಗು ಆರುವ ಮುನ್ನವೇ, ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ಅಲ್ಲಿಯೂ ನಮ್ಮ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನವರೇ ಆದ ಅಹಮದ್ ಖಾನ್.

ಆ ಬಳಿಕ ಬೂಟು ಕಡ್ಡಾಯವಾಯಿತು. ಆದರೆ ಬೂಟು ತೊಟ್ಟ ಮಾತ್ರಕ್ಕೆ ಆಟ ಬಂದೀತೆ? ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನವರು, ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ಆಟಗಾರನ ದುರ್ಬಲವಾದ ಕಾಲನ್ನೇ ಪಳಗಿಸುವ ಅಭ್ಯಾಸ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ಕೊರತೆಯನ್ನು ಮುಚ್ಚಿಡದೆ ಅದನ್ನೇ ಪಾಠವಾಗಿಸುವುದು ಒಳ್ಳೆಯ ಗುರುವಿನ ಲಕ್ಷಣವಷ್ಟೆ. ಫಲ 1956ರಲ್ಲಿ ಮೆಲ್ಬರ್ನಿನಲ್ಲಿ ಕಂಡಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದರು. ಒಲಿಂಪಿಕ್ಸ್‌ನ ಉಪಾಂತ್ಯ ತಲುಪಿದ ಮೊದಲ ಏಷ್ಯದ ತಂಡ ನಮ್ಮದಾಯಿತು. ಅಲ್ಲಿ ಮತ್ತೆ ಎದುರಾದದ್ದು ಅದೇ ಯುಗೊಸ್ಲಾವಿಯ. ಮೊದಲ ಗೋಲು ನಮ್ಮದು. ಕೊನೆಗೆ 4-1ರ ಸೋಲೂ ನಮ್ಮದು. ನಾಲ್ಕನೆಯ ಸ್ಥಾನ ದೊರೆಯಿತು.

1962ರ ಜಕಾರ್ತ ಕೂಟದ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ ನಮ್ಮನ್ನು 2-0ರಿಂದ ಸೋಲಿಸಿತು. ರಕ್ಷಣೆಯ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತು. ಕ್ಯಾನ್ಸರ್‌ಪೀಡಿತರಾಗಿದ್ದ ರಹೀಮರು ಅವರನ್ನು ಮುಂಚೂಣಿಗೆ ಕಳಿಸಿದರು. ಪ್ರೇಕ್ಷಕರ ಪ್ರತಿಕೂಲ ಘೋಷಣೆಗಳ ನಡುವೆ ನಡೆದ ಅಂತಿಮ ಪಂದ್ಯದಲ್ಲಿ ಅದೇ ಕೊರಿಯವನ್ನು ನಾವು 2-1ರಿಂದ ಗೆದ್ದೆವು. ಗೋಲು ಹೊಡೆದವರು ಪಿ. ಕೆ. ಬ್ಯಾನರ್ಜಿ ಮತ್ತು ಗಾಯಗೊಂಡಿದ್ದ ಜರ್ನೈಲ್. ಮರುವರ್ಷ ರಹೀಮರು ತೀರಿಕೊಂಡರು.

1964ರ ಏಷ್ಯನ್ ಕಪ್‌ನಲ್ಲಿ ಎರಡನೆಯ ಸ್ಥಾನ, 1970ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು. ಅಲ್ಲಿಂದೀಚೆಗೆ ಆ ಕೂಟದ ಫುಟ್‌ಬಾಲ್‌ನಲ್ಲಿ ನಮಗೆ ಪದಕವಿಲ್ಲ. ವಿಶ್ವಕಪ್ಪಿನ ಅಂತಿಮ ಹಂತದಲ್ಲಿ ನಾವು ಎಂದೂ ಆಡಿಲ್ಲ. ಬರಿಗಾಲಿನ ಕಾರಣದಿಂದಲೇ 1950ರಲ್ಲಿ ಬ್ರೆಜಿಲಿಗೆ ಹೋಗಲಾಗಲಿಲ್ಲವೆಂಬ ಕತೆಯನ್ನು ಮಾತ್ರ ನಾವು ಅಕ್ಕರೆಯಿಂದ ಹೇಳಿಕೊಳ್ಳುತ್ತೇವೆ. ಸೋಲಿಗೆ ಸಮಾಧಾನ ಹುಡುಕುವುದು ಸುಲಭ. ಹತ್ತು ಗೋಲಿನ ಅವಮಾನವನ್ನು ಹತ್ತು ವರ್ಷಗಳಲ್ಲಿ ಚಿನ್ನವಾಗಿಸಿದ ಆ ಉಪಾಧ್ಯಾಯರು ಸಮಾಧಾನ ಹುಡುಕಲಿಲ್ಲ, ಕಾರಣ ಹುಡುಕಿದರು. ನಾವು ಕಳೆದುಕೊಂಡದ್ದು ಕಾಲಿನ ಚಳಕವನ್ನಲ್ಲ, ಈ ವಿವೇಕವನ್ನು.