ಸೌಂದರ್ಯದ ಕಾಯಕದಲ್ಲಿ ಒಡನಾಡಿಯ ಗೌರವ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಕಾಯಕದಲ್ಲಿ ಒಬ್ಬರು ಇನ್ನೊಬ್ಬರನ್ನು ಗೌರವಿಸುವುದು ಹೇಗೆ ಎಂಬ ಬಗ್ಗೆ ಮಾತಾಡಿ, ಆದರೆ ಯಾವುದಾದರೂ ಒಂದೇ ಕಾಯಕ ಹಿಡಿದು ಮಾತಾಡಿ ಎಂದು ಪೂಜ್ಯರು ಅಪ್ಪಣೆ ಕೊಟ್ಟರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಸ್ತೆ, ಸೇತುವೆ ಎಂದು ಓಡಾಡಿದ ಸರ್ಕಾರಿ ಇಂಜಿನಿಯರ್ ನಾನು. ಸಿಮೆಂಟು, ಜಲ್ಲಿಯ ಮಾತು ಬರುತ್ತದೆ ಎಂದುಕೊಂಡಿದ್ದಿರೇನೋ. ನಾನು ಆರಿಸಿಕೊಂಡದ್ದು ಕೂದಲು ಕತ್ತರಿಸುವ, ಮುಖ ಸಿಂಗರಿಸುವ ಕಾಯಕ. ನನ್ನ ತಲೆ ನೋಡಿ ಹಿಂದಿನ ಸಾಲಿನವರು ನಗುತ್ತಿದ್ದಾರೆ. ನಗಲಿ, ಅವರಿಗೂ ವಯಸ್ಸಾಗುತ್ತದೆ.

ಹೀಗೆ ಆರಿಸಿಕೊಳ್ಳಲು ಕಾರಣ ಹಡಪದ ಅಪ್ಪಣ್ಣನವರು. ಹಡಪ ಎಂದರೆ ಎಲೆ ಅಡಿಕೆಯ ಸಂಚಿ. ಕ್ಷೌರದ ಸಾಮಾನಿನ ಚೀಲಕ್ಕೂ ಹಡಪ ಎಂದೇ ಹೆಸರು. ಕಲ್ಯಾಣದಲ್ಲಿ ಅಪ್ಪಣ್ಣನವರು ಹಿಡಿದದ್ದು ಬಸವಣ್ಣನವರ ಎಲೆಸಂಚಿ. ಇಂದು ಅದೇ ಹೆಸರಿನ ಸಮಾಜದ ಬಹಳ ಮಂದಿ ಹಿಡಿದಿರುವುದು ಕತ್ತರಿ. ಬಿಜ್ಜಳನ ಮಂತ್ರಿಯ ಪಕ್ಕ ಸಂಚಿ ಹಿಡಿದು ನಿಲ್ಲುವುದು ಜಗತ್ತಿನ ಕಣ್ಣಿಗೆ ಆಳಿನ ಕೆಲಸ. ಬಸವಣ್ಣನವರ ಕಣ್ಣಿಗೆ ಹಾಗೆ ಕಾಣಲಿಲ್ಲ. ಅಪ್ಪಣ್ಣನವರು ವಚನ ರಚಿಸಿದರು, ಅವರ ಪತ್ನಿ ಲಿಂಗಮ್ಮನವರು ನೂರಕ್ಕೂ ಹೆಚ್ಚು ವಚನ ರಚಿಸಿದರು. ಕಲ್ಯಾಣದ ಕೊನೆಯ ದಿನಗಳಲ್ಲಿ, ನೀಲಾಂಬಿಕೆಯವರನ್ನು ಕೂಡಲಸಂಗಮಕ್ಕೆ ಕರೆತರಲು ಬಸವಣ್ಣನವರು ಕಳಿಸಿದ್ದು ಅಪ್ಪಣ್ಣನವರನ್ನೇ ಎಂಬುದು ಪರಂಪರೆ ಹೇಳುವ ಮಾತು. ಬರುವ ದಾರಿಯಲ್ಲಿ, ಕೃಷ್ಣೆಯ ದಡದ ತಂಗಡಗಿಯಲ್ಲಿ, ನೀಲಾಂಬಿಕೆಯವರು ಐಕ್ಯರಾದರು. ಅಂಥ ಸಮಯದಲ್ಲಿ ಮನೆಯವರನ್ನು ಕರೆತರಲು ನಾವು ಯಾರನ್ನು ಕಳಿಸುತ್ತೇವೆ ಯೋಚಿಸಿ. ಸಂಬಳದ ಆಳನ್ನಂತೂ ಅಲ್ಲ.

ಈಗ ನಮ್ಮ ಊರುಗಳಿಗೆ ಬರೋಣ. ನಮ್ಮಲ್ಲೇ ಬಣಜಿಗರ, ಪಂಚಮಸಾಲಿಗಳ, ಜಂಗಮರ ಮನೆಯ ಹೆಣ್ಣುಮಕ್ಕಳು ಬ್ಯೂಟಿಷಿಯನ್ ಕೋರ್ಸ್ ಮುಗಿಸಿ ಪಾರ್ಲರ್ ತೆರೆಯುತ್ತಿದ್ದಾರೆ. ಬಹಳ ಒಳ್ಳೆಯದು. ಅಂಗಡಿಯ ಪೂಜೆಗೆ ಸ್ವಾಮಿಗಳನ್ನು ಕರೆಯುತ್ತೇವೆ, ಟೇಪು ಕತ್ತರಿಸುತ್ತೇವೆ, ಮಗಳು ಸ್ವಂತ ಕಾಲ ಮೇಲೆ ನಿಂತಳು ಎಂದು ಹೆಮ್ಮೆಪಡುತ್ತೇವೆ. ಅದೇ ಬೀದಿಯಲ್ಲಿ ನಲವತ್ತು ವರ್ಷದಿಂದ ಕತ್ತರಿ ಹಿಡಿದ ಹಿರಿಯರನ್ನು ಮೊಮ್ಮಗನ ವಯಸ್ಸಿನ ಹುಡುಗ ಬಾಗಿಲಲ್ಲೇ ನಿಂತು "ಏನೋ, ಖಾಲಿ ಇದ್ದೀಯೇನೋ" ಎಂದು ಕೇಳುತ್ತಾನೆ. ಅವರ ತಂದೆ ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯದ ಕಾಳು ಪಡೆದವರು. ಕತ್ತರಿ ಅದೇ, ಬಾಚಣಿಗೆ ಅದೇ, ಬಣ್ಣದ ಡಬ್ಬಿಯ ಕಂಪನಿಯೂ ಬಹುಶಃ ಅದೇ. ಆದರೆ ಒಬ್ಬರಿಗೆ ಹೇರ್ ಸ್ಟೈಲಿಸ್ಟ್ ಎಂಬ ಬಿರುದು, ಇನ್ನೊಬ್ಬರಿಗೆ ಬೈಗುಳದಂತೆ ಬಳಕೆಯಾಗುವ ಒಂದು ಜಾತಿಪದ. ಆ ಪದವನ್ನು ನಾನು ಈ ವೇದಿಕೆಯಲ್ಲಿ ಉಚ್ಚರಿಸುವುದಿಲ್ಲ.

ಪಾರ್ಲರಿನ ತಂಗಿಯರಿಗೆ ನನ್ನದೊಂದು ನೇರ ಪ್ರಶ್ನೆ. ಆ ಹಿರಿಯರನ್ನು ನೀವು ನಿಮ್ಮ ವೃತ್ತಿಯ ಒಡನಾಡಿ ಎಂದು ಭಾವಿಸಿದ್ದೀರಾ? "ನಾವು ಬ್ಯೂಟಿಷಿಯನ್, ಅವರು ಬೇರೆ" ಎನ್ನುವ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಸಹೋದ್ಯೋಗಿಗಳ ನಡುವೆ ದಯೆ ಇರಬೇಕು, ಗೌರವ ಇರಬೇಕು ಎಂದು ಎಷ್ಟು ಮಾತಾಡಿದರೂ, ಸಹೋದ್ಯೋಗಿ ಯಾರು ಎಂಬ ಲೆಕ್ಕದಲ್ಲೇ ಅರ್ಧ ಜನರನ್ನು ಬಿಟ್ಟರೆ ಏನು ಬಂತು? ನಮ್ಮ ಇಲಾಖೆಯಲ್ಲೂ ಇದಿತ್ತು. ಡಿಗ್ರಿ ಮುಗಿಸಿ ನಿನ್ನೆ ಬಂದ ಹುಡುಗ ಮೂವತ್ತು ವರ್ಷದ ವರ್ಕ್ ಇನ್‌ಸ್ಪೆಕ್ಟರನ್ನು ಹೆಸರು ಹಿಡಿದು ಕೂಗುತ್ತಿದ್ದ. ಕಾಂಕ್ರೀಟು ಯಾವಾಗ ಸೆಟ್ ಆಗುತ್ತದೆ ಎಂಬುದನ್ನು ಕೈಯಲ್ಲಿ ಮುಟ್ಟಿ ಹೇಳುತ್ತಿದ್ದವರು ಮಾತ್ರ ಆ ಇನ್‌ಸ್ಪೆಕ್ಟರೇ.

ಹರಳಯ್ಯನವರ ಕಥೆ ನಿಮಗೆಲ್ಲ ಗೊತ್ತು. ಅವರು ಒಂದು ಸಲ ಶರಣು ಎಂದರು, ಬಸವಣ್ಣನವರು ಎರಡು ಸಲ ಅಂದರು. ಹೆಚ್ಚಾಗಿ ಬಂದ ಆ ಒಂದು ಶರಣಿನ ಋಣ ತೀರಿಸಲು ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರು ಎಂದು ಕಥೆ. ಅದನ್ನು ನಾವು ಹರಳಯ್ಯನವರ ಭಕ್ತಿಯ ಕಥೆ ಎಂದೇ ಹೇಳುತ್ತ ಬಂದಿದ್ದೇವೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು. ಅಷ್ಟು ವರ್ಷ ಆ ಮನುಷ್ಯನಿಗೆ ಯಾರೂ ತಿರುಗಿ ಶರಣು ಅಂದಿರಲೇ ಇಲ್ಲ ಅನ್ನಿಸುತ್ತದೆ. ಇಲ್ಲದಿದ್ದರೆ ಒಂದು ನಮಸ್ಕಾರ ಅಷ್ಟು ಭಾರವಾಗುತ್ತಿತ್ತೇ?

ಇನ್ನು ಅಂಗಡಿಯೊಳಗಿನ ಮಾತು. ಈ ವೃತ್ತಿಯಲ್ಲಿ ಒಂದು ವಾಕ್ಯ ಇದೆ. ಗಿರಾಕಿ ಕುರ್ಚಿಯಲ್ಲಿ ಕುಳಿತ ಕೂಡಲೇ ಕೂದಲು ಎತ್ತಿ ಹಿಡಿದು, ಕನ್ನಡಿಯಲ್ಲಿ ಅವರ ಮುಖ ನೋಡುತ್ತ, "ಮೊದಲು ಯಾರ ಹತ್ರ ಮಾಡಿಸಿದ್ರಿ ಇದನ್ನ?" ಎನ್ನುವುದು. ಪ್ರಶ್ನೆಯಲ್ಲಿ ತಪ್ಪಿಲ್ಲ. ಆ ಧ್ವನಿಯಲ್ಲಿದೆ. ಕೇಳಿದ ಗಿರಾಕಿಗೆ ಅವಮಾನ, ಅಲ್ಲಿಲ್ಲದ ಒಡನಾಡಿಗೆ ಅವಮಾನ, ಮತ್ತು ತನಗೊಂದು ಜಾಹೀರಾತು. ಮದುವೆ ಮನೆಯೊಂದರಲ್ಲಿ ಹೆಣ್ಣಿನ ಕಡೆಯವರು ಒಬ್ಬ ಬ್ಯೂಟಿಷಿಯನ್‌ರನ್ನು ಕರೆಸಿದ್ದರು, ಗಂಡಿನ ಕಡೆಯಿಂದ ಇನ್ನೊಬ್ಬರು ಬಂದರು. ಎರಡನೆಯವರು ಮದುಮಗಳ ಗಲ್ಲ ಹಿಡಿದು "ಅಯ್ಯೋ, ಇದೇನು ಬೇಸು ಹಚ್ಚಿದ್ದಾರೆ" ಎಂದದ್ದೇ ತಡ, ಹುಡುಗಿ ಅತ್ತಳು. ಹಚ್ಚಿದ್ದೆಲ್ಲ ಹರಿದುಹೋಯಿತು, ಮುಹೂರ್ತ ಇಪ್ಪತ್ತು ನಿಮಿಷ ತಡ. ಮೊದಲಿನ ಹೆಣ್ಣುಮಗಳು ಪೆಟ್ಟಿಗೆ ಎತ್ತಿಕೊಂಡು ಊಟ ಮಾಡದೆ ಹೋದಳು.

ಇದು ಬರೀ ಮನಸ್ಸು ನೋಯುವ ವಿಷಯವಲ್ಲ. ಕೂದಲು ನೇರ ಮಾಡುವ ರಾಸಾಯನಿಕಗಳಲ್ಲಿ ಎರಡು ಮುಖ್ಯ ಬಗೆ. ಒಂದು ಅಮೋನಿಯಂ ಥಯೋಗ್ಲೈಕೊಲೇಟ್, ಇನ್ನೊಂದು ಸೋಡಿಯಂ ಹೈಡ್ರಾಕ್ಸೈಡ್. ಒಂದನ್ನು ಹಾಕಿಸಿಕೊಂಡ ಕೂದಲಿನ ಮೇಲೆ ಇನ್ನೊಂದನ್ನು ಹಾಕಿದರೆ ಕೂದಲು ತುಂಡು ತುಂಡಾಗಿ ಕೈಗೆ ಬರುತ್ತದೆ. ಮೆಹಂದಿ ಎಂದು ಮಾರುವ ಕೆಲವು ಪುಡಿಗಳಲ್ಲಿ ಲೋಹದ ಲವಣ ಬೆರೆಸಿರುತ್ತಾರೆ. ಅದರ ಮೇಲೆ ಪೆರಾಕ್ಸೈಡ್ ಇರುವ ಬಣ್ಣ ಬಿದ್ದರೆ ತಲೆಯ ಮೇಲೇ ಬಿಸಿಯೇರುತ್ತದೆ. ಕಪ್ಪು ಬಣ್ಣದಲ್ಲಿರುವ ಪಿಪಿಡಿ ಕೆಲವರಿಗೆ ಒಗ್ಗುವುದಿಲ್ಲ, ಮುಖ ಊದಿಕೊಳ್ಳುತ್ತದೆ. ಹಾಗಾಗಿ ಹಿಂದೆ ಏನು ಹಚ್ಚಿದ್ದರು ಎಂಬುದು ಗೊತ್ತಿರಲೇಬೇಕು. ಚುಚ್ಚಿ ಕೇಳಿದರೆ ಗಿರಾಕಿ ಏನು ಮಾಡುತ್ತಾರೆ? "ಏನೂ ಮಾಡಿಸಿಲ್ಲ, ಮನೇಲೇ ಎಣ್ಣೆ ಹಚ್ಚೋದು" ಎನ್ನುತ್ತಾರೆ. ನಾಚಿಕೆಗೆ ಹೇಳಿದ ಆ ಸುಳ್ಳಿನ ಮೇಲೆ ನೀವು ರಾಸಾಯನಿಕ ಹಾಕುತ್ತೀರಿ. ಅದರ ಬದಲು ಹಿಂದಿನ ಅಂಗಡಿಗೆ ಒಂದು ಫೋನು: "ಅಣ್ಣಾ, ಇವರಿಗೆ ನೀವು ಯಾವ ಕ್ರೀಮು ಹಾಕಿದ್ರಿ?" ಇಷ್ಟೇ. ಆದರೆ ನಿನ್ನೆ ತನ್ನನ್ನು ಹೀಯಾಳಿಸಿದವರ ಫೋನನ್ನು ಯಾರು ಎತ್ತುತ್ತಾರೆ?

ಒಬ್ಬ ಇಂಜಿನಿಯರನ ಕೆಲಸವನ್ನು ಅದೇ ಕಕ್ಷಿದಾರನಿಗಾಗಿ ಇನ್ನೊಬ್ಬ ಇಂಜಿನಿಯರ್ ಪರಿಶೀಲಿಸುವುದಾದರೆ ಮೊದಲಿನವನಿಗೆ ತಿಳಿದಿರಬೇಕು ಎಂಬ ನಿಯಮ ನಮ್ಮ ವೃತ್ತಿಯ ನೀತಿಸಂಹಿತೆಗಳಲ್ಲಿ ಹಿಂದಿನಿಂದ ಬಂದಿದೆ. ತಪ್ಪು ಮುಚ್ಚಿಹಾಕಲು ಮಾಡಿದ ನಿಯಮವಲ್ಲ ಇದು. ಸೇತುವೆಯಲ್ಲಿ ಬಿರುಕು ಕಂಡರೆ ಹೇಳಲೇಬೇಕು. ಆದರೆ ಕಟ್ಟಿದವನಿಗೆ ಹೇಳು, ಅವನ ಲೆಕ್ಕ ನೋಡು, ಆಮೇಲೆ ತೀರ್ಮಾನಿಸು ಎಂಬುದು ಅದರ ಅರ್ಥ. ನಿಮ್ಮ ವೃತ್ತಿಗೂ ಹಾಗೇ. ಪಕ್ಕದ ಅಂಗಡಿಯವರು ಒಂದೇ ಬ್ಲೇಡನ್ನು ಇಬ್ಬರಿಗೆ ಬಳಸುವುದು ಕಂಡರೆ ಸುಮ್ಮನಿರುವುದು ಗೌರವವಲ್ಲ. ಹೆಪಟೈಟಿಸ್ ಬಿ, ಎಚ್‌ಐವಿ ರಕ್ತದಿಂದ ಹರಡುವ ರೋಗಗಳು. ಹೋಗಿ ಹೇಳಿ, ಕೇಳದಿದ್ದರೆ ಸಂಘಕ್ಕೆ ಹೇಳಿ. ಗಿರಾಕಿಯ ಎದುರಿಗೆ ನಗುತ್ತ ಹೇಳಬೇಡಿ.

ನಾವು ಗಿರಾಕಿಗಳೂ ಸಾಚಾ ಅಲ್ಲ. "ಆ ಅಂಗಡಿಯವನು ಹೇಗೆ?" ಎಂದು ಕೆದಕುವವರು ನಾವೇ. ಚಾಡಿ ಕೇಳುತ್ತ ಗಡ್ಡ ತೆಗೆಸಿಕೊಳ್ಳುವುದು ಎಷ್ಟು ಹಿತ ಎಂದು ಇಲ್ಲಿರುವ ಗಂಡಸರಿಗೆಲ್ಲ ಗೊತ್ತು.

ಈಗ ನನಗೆ ಹೆಚ್ಚು ಕಳವಳದ ವಿಷಯ. ಕಲಿಯಲು ಬಂದ ಹುಡುಗ ಹುಡುಗಿಯರು. ಅಂಗಡಿಯಲ್ಲಿ ತಲೆ ತೊಳೆಯುವ ಕೆಲಸ ಸಾಮಾನ್ಯವಾಗಿ ಅವರದೇ. ದಿನವಿಡೀ ಕೈ ನೀರು, ಶಾಂಪೂ, ಬಣ್ಣದಲ್ಲಿ. ಹಾಗಾಗಿ ಕೈಯ ಚರ್ಮ ಒಡೆದು ಎಕ್ಸಿಮಾ ಬರುವುದು ಈ ವೃತ್ತಿಯಲ್ಲಿ ಹೊಸಬರಿಗೇ ಹೆಚ್ಚು. ಕೈಗವಸು ಕೇಳಿದರೆ "ನಾವೆಲ್ಲ ಹಾಗೇ ಕಲಿತಿದ್ದು" ಎನ್ನುವ ಉತ್ತರ. ಕೆರಾಟಿನ್ ಎಂದು ಮಾಡುವ ಚಿಕಿತ್ಸೆಗೆ ಬಳಸುವ ಹಲವು ದ್ರಾವಣಗಳು, ಬಿಸಿ ಇಸ್ತ್ರಿ ಎಳೆದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಫಾರ್ಮಾಲ್ಡಿಹೈಡನ್ನು ಇಟ್ಟಿದೆ. ಗಿರಾಕಿ ವರ್ಷಕ್ಕೆ ಎರಡು ಸಲ ಅದನ್ನು ಉಸಿರಾಡಿಯಾರು. ಇಸ್ತ್ರಿ ಎಳೆಯುವ ಹುಡುಗಿ ವಾರಕ್ಕೆ ಹತ್ತು ಸಲ ಉಸಿರಾಡುತ್ತಾಳೆ. ಎ.ಸಿ. ತಂಪು ಹೋಗುತ್ತದೆ ಎಂದು ಕಿಟಕಿ ಮುಚ್ಚಿರುತ್ತದೆ. ಇಂಜಿನಿಯರ್ ಆಗಿ ಹೇಳುತ್ತೇನೆ, ಒಳಗಿನ ಗಾಳಿಯನ್ನೇ ಸುತ್ತಿಸುವ ಎ.ಸಿ. ಹೊಗೆಯನ್ನು ಹೊರಗೆ ಹಾಕುವುದಿಲ್ಲ. ಕುರ್ಚಿಯ ಮೇಲ್ಗಡೆ ಗೋಡೆಗೆ ಒಂದು ಎಕ್ಸಾಸ್ಟ್ ಫ್ಯಾನು, ಎದುರಿನ ಬಾಗಿಲ ಕೆಳಗೆ ಗಾಳಿ ಬರಲು ಜಾಗ ಇರಬೇಕು. ಒಂದು ಫೇಶಿಯಲ್ಲಿಗೆ ತೆಗೆದುಕೊಳ್ಳುವ ಹಣದ ಸುತ್ತಮುತ್ತಲೇ ಆ ಖರ್ಚು ಮುಗಿಯುತ್ತದೆ. ಒಡನಾಡಿಯ ಮೇಲಿನ ದಯೆಯನ್ನು ಅಳೆಯಲು ನನಗೆ ಬೇರೆ ಮಾಪಕ ಗೊತ್ತಿಲ್ಲ, ಆ ಫ್ಯಾನು ಇದೆಯೋ ಇಲ್ಲವೋ ನೋಡುತ್ತೇನೆ. ಜೊತೆಗೆ ಗಿರಾಕಿ ಇಲ್ಲದ ಹೊತ್ತಿಗೆ ಕೂರಲು ಒಂದು ಸ್ಟೂಲು. ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕು ಕೊಡಲು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಬೇಕಾಯಿತು. ಸ್ಟೂಲಿಗೂ ಕಾನೂನು ಬೇಕಾಯಿತು ನೋಡಿ.

ಈ ವೃತ್ತಿಯವರಿಗೆ ಒಗ್ಗಟ್ಟು ಹೊಸದೇನಲ್ಲ. ಮಂಗಳವಾರದ ರಜೆ ಅದಕ್ಕೆ ಸಾಕ್ಷಿ. ಒಬ್ಬನ ಹೊಟ್ಟೆಯ ಮೇಲೆ ಇನ್ನೊಬ್ಬ ಹೊಡೆಯದಂತೆ ಎಲ್ಲರೂ ಒಂದೇ ದಿನ ಬಾಗಿಲು ಹಾಕುವ ಒಪ್ಪಂದ ಅದು. ಮುಂದಿನ ಶಟರ್ ಎಳೆದು ಹಿಂಬಾಗಿಲಲ್ಲಿ ಗಿರಾಕಿ ಕರೆಯುವವರೂ ಇದ್ದಾರೆ. ಗಂಡ ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನವರನ್ನು ಅಂಥವರು ಒಮ್ಮೆ ನೆನೆಯಲಿ. 2020ರ ಲಾಕ್‌ಡೌನಿನಲ್ಲಿ ವಾರಕ್ಕೊಂದಲ್ಲ, ಎಲ್ಲ ದಿನವೂ ಬಾಗಿಲು ಮುಚ್ಚಿತು. ಸರ್ಕಾರ ಆ ಮೇ ತಿಂಗಳಲ್ಲಿ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಘೋಷಿಸಿತು. ಹಾಗೆ ಘೋಷಿಸುವಾಗ ಕ್ಷೌರಿಕರು ಎಂಬ ಲೆಕ್ಕ ಇತ್ತು. ಬಾಡಿಗೆ ಕಟ್ಟಲಾಗದೆ ಕೂತ ಪಾರ್ಲರಿನ ಹೆಣ್ಣುಮಕ್ಕಳು ಯಾವ ಲೆಕ್ಕಕ್ಕೆ ಸೇರಬೇಕಿತ್ತು? "ಅವರು ಬೇರೆ" ಎಂದು ದೂರ ನಿಂತದ್ದು ಅಂಥ ಹೊತ್ತಿನಲ್ಲಿ ಅವರಿಗೇ ನಷ್ಟ. ಅತ್ತ ಸಂಘಗಳಲ್ಲೂ ಗಂಡಸರದೇ ಹೆಸರು. ಎರಡೂ ಕಡೆ ಬಾಗಿಲು ತೆಗೆಯಬೇಕು.

ಅದಕ್ಕಾಗಿ ಪೂಜ್ಯರ ಒಪ್ಪಿಗೆ ಪಡೆದು ಒಂದು ಏರ್ಪಾಡು ಮಾಡಿದ್ದೇವೆ. ಬರುವ ಮಂಗಳವಾರ ಬೆಳಿಗ್ಗೆ 11ಕ್ಕೆ ದಾಸೋಹ ಭವನದಲ್ಲಿ ಕಟಿಂಗ್ ಅಂಗಡಿಯವರು, ಪಾರ್ಲರಿನವರು ಇಬ್ಬರೂ ಸೇರುವುದು. ಕಲಿಯುವ ಮಕ್ಕಳನ್ನೂ ಕರೆತನ್ನಿ, ಅವರ ಆ ದಿನದ ಕೂಲಿ ಹಿಡಿಯಬೇಡಿ. ಚರ್ಮದ ವೈದ್ಯರೊಬ್ಬರನ್ನು ಕರೆತರುವ ಹೊಣೆ ನನ್ನದು. ಅಂಗಡಿಯ ಅಳತೆ ಬರೆದು ತಂದವರಿಗೆ ಫ್ಯಾನು ಎಲ್ಲಿ ಹಾಕಬೇಕು ಎಂದು ನಾನೇ ಗುರುತು ಮಾಡಿ ಕೊಡುತ್ತೇನೆ. ಅಧ್ಯಕ್ಷತೆಗೆ ನಮ್ಮೂರಿನಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಕತ್ತರಿ ಹಿಡಿದ ಹಿರಿಯರನ್ನು ಕೇಳಿದ್ದೇವೆ, ಅವರು ಇನ್ನೂ ಹೂಂ ಎಂದಿಲ್ಲ. "ವೇದಿಕೆ ಮೇಲೆ ಕೂತು ಅಭ್ಯಾಸ ಇಲ್ಲರೀ ನನಗೆ" ಅಂದರು. ಇಂದು ಸಭೆ ಮುಗಿದ ಮೇಲೆ ಪಾರ್ಲರಿನ ತಂಗಿಯರಲ್ಲಿ ಇಬ್ಬರು ನನ್ನ ಜೊತೆ ಅವರ ಮನೆಗೆ ಬರಬೇಕೆಂದು ಕೋರುತ್ತೇನೆ.